ಕೆಂಪಾಗದ ಹಳದಿ

ನಲ್ಲಿಯ ಕೆಳಗೆ ಹಿಡಿದ ಕರವಸ್ತ್ರ ಕಣ್ಣೆದುರೇ ಕೆಂಪಾಯಿತು.

ಚಿಕ್ಕಮ್ಮ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಎಲ್ಲಿ ಕೊಯ್ದುಕೊಂಡೆನೋ ಎಂದು ಬೆರಳುಗಳನ್ನೆಲ್ಲ ಹೊರಳಿಸಿ ನೋಡಿದಳು. ಗಾಯವೇನೂ ಇರಲಿಲ್ಲ. ಈಗಷ್ಟೇ ಹಳದಿಯಾಗಿದ್ದ ಕಲೆ, ಸೋಪು ಉಜ್ಜಿದ್ದೇ ತಡ, ರಕ್ತದ ಕಲೆಯ ಹಾಗೆ ಕೂತಿತ್ತು.

ಪಕ್ಕದ ನಲ್ಲಿಯಲ್ಲಿ ಗುಬ್ಬಿಯೂ ಕೈ ತೊಳೆಯುತ್ತಿದ್ದಳು. ಕ್ಯಾಪ್ಸೂಲ್ ತುಂಬುವ ಯಂತ್ರವನ್ನು ಒರೆಸಿಟ್ಟು, ಬೀಗದ ಕೈಯನ್ನು ಕಚೇರಿಗೆ ಒಪ್ಪಿಸಿ ಬಂದಿದ್ದಳು. ಅವಳ ಬೆರಳಿನ ಹಳದಿ ಸೋಪಿನ ನೊರೆಯ ಜೊತೆ ಹಳದಿ ಹಳದಿಯಾಗಿಯೇ ಕೊಳವೆಗೆ ಇಳಿದು ಹೋಯಿತು.

"ಏನೇ ಇದು, ಹಳದಿ ಹೋಗಿ ಕೆಂಪಾಯ್ತು?"

ಗುಬ್ಬಿ ಚಿಕ್ಕಮ್ಮನ ಕರವಸ್ತ್ರವನ್ನೊಮ್ಮೆ ನೋಡಿದಳು. ನಲ್ಲಿಯನ್ನು ಥಟ್ಟನೆ ನಿಲ್ಲಿಸಿ, ಒದ್ದೆ ಕೈಗಳನ್ನು ಬಿಳಿ ಕೋಟಿನ ಜೇಬಿಗೆ ತುರುಕಿದಳು. "ಏನೋಪ್ಪ. ಡಾಕ್ಟರು ಒಳಗೆ ಕಾಯ್ತಿದಾರೆ, ನಡಿ."

ಹಿಂದಿನ ವಾರ ಬಿಟ್ಟವರಿಗೆ ಒಂದೇ ಮಾತು: ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಸತ್ವ ಮಂಡಿನೋವಿಗೆ ಆಗಿಬರುತ್ತದೆಯೇ ಎಂದು ಈ ಚಿಕಿತ್ಸಾಲಯದಲ್ಲಿ ಪರೀಕ್ಷೆ ನಡೆದಿತ್ತು, ಅರ್ಧ ಜನಕ್ಕೆ ಅಸಲಿ ಕ್ಯಾಪ್ಸೂಲ್, ಅರ್ಧ ಜನಕ್ಕೆ ಹಳದಿ ಬಣ್ಣ ಬೆರೆಸಿದ ಬರೀ ಹಿಟ್ಟಿನದು, ಯಾರದ್ದು ಯಾವುದೆಂದು ತಿಂದವರಿಗೂ ಡಾಕ್ಟರಿಗೂ ಗೊತ್ತಿರಲಿಲ್ಲ, ಪರೀಕ್ಷೆ ನಿಲ್ಲಿಸಿ ಗುಟ್ಟಿನ ಪಟ್ಟಿ ಬಿಚ್ಚಿ ನೋಡಿದರೆ ಹಿಟ್ಟಿನ ಪಾಲಿಗೆ ಬಂದಿದ್ದ ಒಬ್ಬ ಡ್ರೈವರಣ್ಣ ಈಗ ಕಾಮಾಲೆ ಹತ್ತಿ ಆಸ್ಪತ್ರೆಯಲ್ಲಿದ್ದಾನೆ.

ಕ್ಯಾಪ್ಸೂಲ್ ತುಂಬಿದವಳು ಗುಬ್ಬಿ. ಔಷಧದ ಕೋಣೆಯ ಬೀಗದ ಕೈ ಇದ್ದದ್ದು ಗುಬ್ಬಿಯ ಹತ್ತಿರ. ಹಾಗಾಗಿ ತಪ್ಪೂ ಗುಬ್ಬಿಯದೇ ಎಂದು ಇಡೀ ಕಟ್ಟಡವೇ ತೀರ್ಮಾನಿಸಿ ಕೈತೊಳೆದುಕೊಂಡಿತ್ತು. ಸಂಜೆ ವಿಚಾರಣೆಯ ಸಮಿತಿ ಕೂರುತ್ತದೆ. ಅಲ್ಲಿ ಅವರು ಹೌದೆಂದು ತಲೆಯಾಡಿಸಿದರೆ ಅವಳ ಫಾರ್ಮಸಿಸ್ಟ್ ಲೈಸೆನ್ಸ್ ಹೋಯಿತು. ಮತ್ತೆ ಯಾವ ಔಷಧದ ಕೋಣೆಯೂ ಅವಳಿಗೆ ಬಾಗಿಲು ತೆರೆಯುವುದಿಲ್ಲ.

ವಿಮಾ ಕಂಪನಿಯಲ್ಲಿ ಸುಳ್ಳು ಬೆಂಕಿ, ಸುಳ್ಳು ಕಳ್ಳತನ ಹಿಡಿದುಕೊಂಡು ಆಯಸ್ಸು ಸವೆಸಿದ ಚಿಕ್ಕಮ್ಮ ನಿವೃತ್ತಿಯಾದ ಮೇಲೆ ಹಾಯಾಗಿದ್ದಳು. ಹಾಯಾಗಿರಲು ಅಕ್ಕ ಬಿಟ್ಟರೆ ತಾನೆ? "ನನ್ನ ಮಗಳ ಹೆಸರಿಗೆ ಮಸಿ ಬಳಿಯೋಕೆ ಬಂದಿದಾರೆ. ನೀನು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದೀಯಾ?" ಎಂದು ಫೋನಿನಲ್ಲೇ ಕಿವಿ ಹಿಂಡಿದ್ದಳು. ಗುಬ್ಬಿ ಹಾಗೆ ಕರೆದಳೆಂದು ಈಗ ಇಲ್ಲಿ ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವಳು ಚಿಕ್ಕಮ್ಮನೇ.

"ಚಿಕ್ಕಮ್ಮನವರೇ, ಅದು ರಕ್ತ ಅಲ್ಲ," ಎಂದರು ದೊಡ್ಡ ಡಾಕ್ಟರು, ಕರವಸ್ತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು. ಪಾಠ ಹೇಳಲು ಸಿಕ್ಕ ಅವಕಾಶವನ್ನು ಅವರು ಬಿಡುವವರಲ್ಲ. "ಬೆಳಗ್ಗೆ ಸ್ಟೋರಲ್ಲಿ ಅಸಲಿ ಪುಡಿಯ ಪೀಪಾಯಿ ತೆಗೆದಾಗ ಒಂದು ಚಿಟಿಕೆ ಮೂಸಿ ನೋಡಿದ್ರಲ್ಲ, ಆ ಪುಡಿ ಇದು. ಕರ್ಕ್ಯುಮಿನ್‌ಗೆ ಸೋಪು, ಸೋಡಾ ಇಂಥದ್ದೇನಾದ್ರೂ ತಾಗಿದ್ರೆ ಕೆಂಪಗಾಗತ್ತೆ. ಹುಳಿ ಹಿಂಡಿದ್ರೆ ಮತ್ತೆ ಹಳದಿ."

"ಮಾಯಾವಿ ಇದ್ದ ಹಾಗಿದೆಯಲ್ಲ!"

"ಮಾಯಾವಿನೇ. ಪ್ರಯೋಗಾಲಯದ ಗಾಜಿನ ತಟ್ಟೇಲಿ ನೋಡ್ಬೇಕು ಇದರ ಪ್ರತಾಪ. ಉರಿಯೂತ ತಗ್ಗಿಸತ್ತೆ, ಜೀವಕೋಶಗಳು ಹಾಳಾಗೋದನ್ನ ತಡೆಯತ್ತೆ, ಒಂದಾ ಎರಡಾ! ಆದ್ರೆ ಮನುಷ್ಯನ ಹೊಟ್ಟೆಗಿಳಿದ್ರೆ ಸೋಮಾರಿ. ಹಾಗೆ ಬಂದು ಹೀಗೆ ಹೋಗತ್ತೆ, ರಕ್ತಕ್ಕೆ ಸೇರೋದು ಎಷ್ಟೋ ಅಷ್ಟೇ. ಕರಿಮೆಣಸಿನ ಸತ್ವ ಸೇರಿಸಿದ್ರೆ ಚೆನ್ನಾಗಿ ಸೇರತ್ತೆ. ನಾವೂ ಸೇರಿಸಿದೀವಿ."

"ಹಾಗಾದ್ರೆ ಮಂಡಿಗೆ ಒಳ್ಳೇದಾ, ಅಲ್ವಾ?" ಚಿಕ್ಕಮ್ಮನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಮೆಟ್ಟಿಲು ಹತ್ತುವಾಗ ಅವಳ ಎಡಮಂಡಿಯೂ ಒಂದು ಮಾತು ಆಡುತ್ತಿತ್ತು.

"ಒಳ್ಳೇದು ಅಂತ ಕೆಲವು ಚಿಕ್ಕ ಅಧ್ಯಯನಗಳು ಹೇಳ್ತವೆ. ಗಟ್ಟಿಯಾಗಿ ಹೇಳೋಕೆ ಇನ್ನೂ ದೊಡ್ಡದು ಬೇಕು. ಅದಕ್ಕೇ ಅಲ್ವಾ ನಾನು ಇಷ್ಟು ಒದ್ದಾಡಿದ್ದು?" ಡಾಕ್ಟರ ದನಿ ಇಳಿಯಿತು. "ಅಪರೂಪಕ್ಕೆ ಯಾರಿಗೋ ಲಿವರ್ ಕೆಡೋದೂ ಉಂಟು. ಅದರಲ್ಲೂ ಹೆಚ್ಚು ಹೀರಿಕೊಳ್ಳೋ ಹಾಗೆ ಮಾಡಿದ ಮಾತ್ರೇಲಿ. ಡ್ರೈವರು ಕುಡಿಯಲ್ಲ. ಸೋಂಕಿಲ್ಲ. ಬೇರೆ ಔಷಧಿ ಇಲ್ಲ. ಹಿಟ್ಟು ತಿಂದು ಯಾರಿಗಾದ್ರೂ ಕಾಮಾಲೆ ಬರತ್ತಾ? ಅವನ ಬಾಟಲಿಗೆ ಅಸಲಿ ಹೋಗಿದೆ. ತುಂಬಿದವರು ಯಾರು ಅಂತ ನಿಮಗೇ ಗೊತ್ತು."

ಗುಬ್ಬಿ ಬಾಗಿಲ ಹತ್ತಿರ ನಿಂತಿದ್ದಳು. ಇಷ್ಟು ಹೇಳಿಸಿಕೊಂಡೂ ತುಟಿ ಪಿಟಕ್ಕೆನ್ನಲಿಲ್ಲ. ಚಿಕ್ಕಂದಿನಲ್ಲಿ ಒಂದು ಮಾತಿಗೆ ಹತ್ತು ಮಾತು ಆಡುತ್ತಿದ್ದ ಹುಡುಗಿ.

"ಒಂದು ಮಾತು ಡಾಕ್ಟ್ರೇ. ಅಸಲಿ ತಿಂದವರಿಗೆ ನೋವು ಎಷ್ಟು ಇಳೀತು? ಹಿಟ್ಟು ತಿಂದವರಿಗೆ ಎಷ್ಟು?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದೇ ನನಗೂ ತಲೆ ತಿಂತಿರೋದು. ಎರಡು ಗುಂಪಿಗೂ ಚೆನ್ನಾಗಿ ಇಳಿದಿದೆ. ಹೆಚ್ಚು ಕಡಿಮೆ ಸಮಸಮ."

ಸಮಸಮ. ಈ ಮಾತು ಚಿಕ್ಕಮ್ಮನ ತಲೆಯೊಳಗೆ ಹೊಕ್ಕು ಕೂತಿತು. ಒಬ್ಬನ ಬಾಟಲಿ ಅದಲು ಬದಲಾದರೆ ಒಬ್ಬನ ಲೆಕ್ಕ ತಪ್ಪಬೇಕು. ಎಲ್ಲರದೂ ಒಂದೇ ಮಟ್ಟಕ್ಕೆ ಬಂದು ನಿಂತದ್ದು ಹೇಗೆ?

ಆಸ್ಪತ್ರೆಯಿಂದ ತಂದಿದ್ದ ಡ್ರೈವರಣ್ಣನ ಬಾಟಲಿಯನ್ನು ಅವಳು ಕೇಳಿ ಪಡೆದಳು. ಕ್ಯಾಪ್ಸೂಲುಗಳೆಲ್ಲ ತಪಾಸಣೆಗೆಂದು ದೂರದ ಪ್ರಯೋಗಾಲಯಕ್ಕೆ ಹೋಗಿ, ಉಳಿದದ್ದು ಖಾಲಿ ಬಾಟಲಿ. ಅದರ ಮುಚ್ಚಳ ತೆಗೆದು ಮೂಸಿದಳು.

ಔಷಧದ ವಾಸನೆ ಇರಲಿಲ್ಲ. ಎಣ್ಣೆಯ ವಾಸನೆ. ಅಡುಗೆಯದ್ದೂ ಅಲ್ಲ, ತಲೆಗೆ ಹಚ್ಚುವುದೂ ಅಲ್ಲ. ತೆಳ್ಳಗಿನ, ಕಬ್ಬಿಣದ ಜೊತೆ ಬೆರೆತ ವಾಸನೆ. ಬಾಟಲಿಯನ್ನು ಬೋರಲು ಮಾಡಿ ತಟ್ಟಿದಳು. ಅಂಗೈ ಮೇಲೆ ನೇರಳೆ ಬಣ್ಣದ ದಾರದ ಒಂದು ತುಂಡು ಬಿತ್ತು.

ನಿನ್ನೆ ಆಸ್ಪತ್ರೆಯಲ್ಲಿ ನೋಡಿದ್ದು ನೆನಪಾಯಿತು. ಡ್ರೈವರಣ್ಣ ಒಂಟಿ ಜೀವ. ಅವನ ಅಂಗಿಗೆ ಎದೆಯ ಹತ್ತಿರ ಗುಂಡಿಗಳೇ ಇರಲಿಲ್ಲ, ಸೇಫ್ಟಿಪಿನ್ನು ಹಾಕಿಕೊಂಡಿದ್ದ. ಸೂಜಿ ಕಂಡರೆ ಮಾರುದೂರ ಓಡುವ ಆ ಮನುಷ್ಯನ ಮಾತ್ರೆಯ ಬಾಟಲಿಗೆ ನೇರಳೆ ದಾರ ಎಲ್ಲಿಂದ ಬರಬೇಕು?

"ಈ ಮಂಡಿನೋವಿನವರಲ್ಲಿ ಹೊಲಿಗೆ ಕೆಲಸದವರು ಯಾರಾದ್ರೂ ಇದಾರಾ?"

"ಟೈಲರಮ್ಮ," ಎಂದರು ಡಾಕ್ಟರು. "ಹಿಂದಿನ ಬೀದೀಲೇ ಅಂಗಡಿ. ಯಾಕೆ?"

ಬಾಗಿಲ ಹತ್ತಿರ ಗುಬ್ಬಿ ಇರಲಿಲ್ಲ. ಯಾವಾಗ ಹೋದಳೋ ಚಿಕ್ಕಮ್ಮ ಗಮನಿಸಲಿಲ್ಲ.

ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಅರ್ಧ ಹೊಲಿದ ಬಟ್ಟೆಗಳು ತೋಳು ಚಾಚಿ ನೇತಾಡುತ್ತಿದ್ದವು. ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಅದರ ಮೇಲೆ ಕತ್ತರಿ, ಅಳತೆ ಪಟ್ಟಿ, ಗುರುತು ಹಾಕಲು ತೆಳ್ಳಗೆ ಸವೆದ ಸೋಪಿನ ಚೂರುಗಳು. ಬಾಟಲಿಯಲ್ಲಿ ಮೂಸಿದ್ದ ಅದೇ ಎಣ್ಣೆಯ ವಾಸನೆ ಬೀರುತ್ತಿದ್ದ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಟೈಲರಮ್ಮನ ಕಾಲ ಬಳಿ ನೇರಳೆ ದಾರದ ಉಂಡೆ ಉರುಳಿಕೊಂಡಿತ್ತು.

ಮೂಲೆಯ ಸ್ಟೂಲಿನ ಮೇಲೆ ಇನ್ನೊಬ್ಬರಿದ್ದರು: ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರೂ ಪರೀಕ್ಷೆಯ ಮಂಡಿಯವರೇ. ಪ್ಯಾಂಟು ಗಿಡ್ಡ ಮಾಡಿಸಲು ಬಂದೆನೆಂದರು. ಕೈಯಲ್ಲಿ ಪ್ಯಾಂಟು ಇರಲಿಲ್ಲ.

ಚಿಕ್ಕಮ್ಮ ಸುತ್ತಿ ಬಳಸುವ ಗೋಜಿಗೆ ಹೋಗಲಿಲ್ಲ. ಅಂಗೈಯಲ್ಲಿದ್ದ ದಾರದ ತುಂಡನ್ನು ಆ ಉಂಡೆಯ ಪಕ್ಕ ಇಟ್ಟಳು. ಎರಡೂ ಒಂದೇ.

"ಡ್ರೈವರಣ್ಣನ ಬಾಟಲೀಲಿ ಸಿಕ್ತು. ಅವನ ಮಾತ್ರೆ ಈ ಮೇಜಿಗೆ ಯಾಕೆ ಬಂದಿತ್ತಮ್ಮ?"

ಯಂತ್ರದ ಚಕ್ರ ನಿಂತಿತು. ಟೈಲರಮ್ಮ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಮೇಲಿನ ಫ್ಯಾನು ನೋಡಿದರು.

"ಮೇಷ್ಟ್ರೇ, ಫ್ಯಾನು ಹೇಳಲ್ಲ. ನೀವು ಹೇಳಿ."

"ಏನು ಹೇಳೋದು? ಅಂಗಡಿಗೆ ಬಂದೋರ ಬಾಟಲಿಗೆ ದಾರ ಬಿದ್ದಿರಬಹುದು."

"ಮುಚ್ಚಳ ತೆಗೀದೆ ಒಳಗೆ ಬೀಳತ್ತಾ?"

ಟೈಲರಮ್ಮ ತಡೆಯಲಾರದೆ ಹೇಳಿಯೇಬಿಟ್ಟಳು. "ಸಾಕು ಮೇಷ್ಟ್ರೇ. ನನ್ನ ಕೈಲಿ ಆಗಲ್ಲ. ಅಕ್ಕಾ, ಮಾತ್ರೆಗಳನ್ನ ಇಲ್ಲಿ ಸುರಿದು ಕಲಸ್ತಿದ್ವಿ."

"ಕಲಸ್ತಿದ್ರಾ? ಯಾರ್ಯಾರದ್ದು?"

"ಎಲ್ಲರದ್ದೂ. ಮಾತ್ರೆ ಕೊಟ್ಟ ದಿನ ಎಲ್ಲರೂ ಇಲ್ಲಿಗೇ ಬರೋರು. ಬಾಟಲಿಗಳನ್ನೆಲ್ಲ ಈ ಮೇಜಿನ ಮೇಲೆ ಬಗ್ಗಿಸಿ, ಚೆನ್ನಾಗಿ ಕಲಸಿ, ಮತ್ತೆ ತುಂಬಿಕೊಂಡು ಹೋಗೋದು."

ಚಿಕ್ಕಮ್ಮನಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಡಾಕ್ಟರು ಸಂಖ್ಯೆ ಹಾಕಿ, ಮುದ್ರೆ ಒತ್ತಿ, ಗುಟ್ಟು ಕಾಯ್ದು ಕಟ್ಟಿದ್ದ ಪರೀಕ್ಷೆಯನ್ನು ಇವರು ಈ ಮೇಜಿನ ಮೇಲೆ ಕಲಸಿ ಹಂಚಿಕೊಂಡಿದ್ದರು.

"ಅಲ್ರೀ, ಯಾಕ್ರೀ?"

"ಯಾಕೆ ಅಂತ ಕೇಳ್ತೀರಾ?" ಮೇಷ್ಟ್ರಿಗೆ ಈಗ ದನಿ ಬಂತು. "ಒಂದೇ ಬೆಂಚಿನ ಮೇಲೆ ಕೂತು ಒಟ್ಟಿಗೆ ಅಯ್ಯೋ ಅಮ್ಮಾ ಅಂದೋರು ನಾವು. ಈಯಮ್ಮ ದಿನವಿಡೀ ಕಾಲಲ್ಲಿ ಯಂತ್ರ ತುಳೀಬೇಕು. ಆ ಡ್ರೈವರು ಕ್ಲಚ್ಚು ತುಳಿದು ತುಳಿದು ಮಂಡಿ ಕಳ್ಕೊಂಡೋನು. ಒಬ್ಬರಿಗೆ ಮದ್ದು, ಒಬ್ಬರಿಗೆ ಹಿಟ್ಟು ಅಂದ್ರೆ ಹೇಗ್ರೀ? ಚೀಟಿ ಎತ್ತಿ ನೋವು ಹಂಚ್ತಾರಾ? ಎಲ್ಲರಿಗೂ ಅರ್ಧ ಮದ್ದು, ಅರ್ಧ ಹಿಟ್ಟು. ಯಾರಿಗೂ ಅನ್ಯಾಯ ಇಲ್ಲ ಅಂತ ನಾನೇ ಹೇಳಿದ್ದು."

"ಡಾಕ್ಟರಿಗೆ ಹೇಳಬೇಕು ಅಂತ ಅನ್ನಿಸಲಿಲ್ವಾ?"

"ಹೇಳಿದ್ರೆ ಹೊರಗೆ ಹಾಕ್ತಿದ್ರು. ನೋವು ಕಡಿಮೆ ಆಗ್ತಿತ್ತು ತಾಯಿ. ನಾನು ಎಷ್ಟೋ ಕಾಲದ ಮೇಲೆ ನೆಲದ ಮೇಲೆ ಕೂತು ಮೊಮ್ಮಗಳ ಜೊತೆ ಬಣ್ಣ ಹಚ್ಚಿದೆ."

ಟೈಲರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಅವನಿಗೆ ಹೀಗಾಗಿದ್ದು ನಮ್ಮಿಂದಾನಾ ಅಕ್ಕಾ? ಹಿಟ್ಟು ತಿಂದಿದ್ರೆ ಚೆನ್ನಾಗಿರ್ತಿದ್ನೋ ಏನೋ. ಅಸಲೀನ ನಾನೇ ಈ ಕೈಯ್ಯಾರೆ ಅವನ ಬಾಟಲಿಗೆ ಹಾಕಿಕೊಟ್ನಲ್ಲ. ಅದಕ್ಕೇ ಬಾಯಿ ಬಿಡೋಕೆ ಹೆದರಿಕೆ ಆಯ್ತು."

"ನೀವು ಬಾಯಿ ಬಿಡದೇ ಇದ್ದಿದ್ದಕ್ಕೆ ಮಾತ್ರೆ ತುಂಬಿದ ಹುಡುಗಿ ತಲೆ ಮೇಲೆ ಬಂದಿದೆ. ಸಂಜೆ ಅವಳ ಲೈಸೆನ್ಸ್ ಕಿತ್ಕೋತಾರೆ."

ಇಬ್ಬರೂ ದಂಗಾದರು. ಈ ವಿಷಯ ಅವರ ಕಿವಿಗೆ ಬಿದ್ದೇ ಇರಲಿಲ್ಲ. "ಆ ಬಿಳಿ ಕೋಟಿನ ಹುಡುಗೀನಾ? ಅಯ್ಯೋ ಪಾಪ," ಎಂದು ಮೇಷ್ಟ್ರು ಎದ್ದೇಬಿಟ್ಟರು. "ನಡೀರಿ, ಸಮಿತಿ ಮುಂದೆ ನಾನೇ ಹೇಳ್ತೀನಿ."

ಚಿಕ್ಕಮ್ಮನ ಎದೆಯ ಮೇಲಿನ ಭಾರ ಒಮ್ಮೆಲೇ ಇಳಿಯಿತು. ಗುಬ್ಬಿ ಗೆದ್ದಳು. ಸಮಸಮದ ಗುಟ್ಟೂ ಬಯಲಾಯಿತು: ಎಲ್ಲರೂ ಒಂದೇ ಕಲಸು ತಿಂದಿದ್ದರೆ ಎಲ್ಲರ ನೋವೂ ಒಂದೇ ಸಮ ಇಳಿಯದೆ ಇನ್ನೇನು? ಅವಳು ಅಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದಳು.

"ನಿನ್ನ ಮಗಳದ್ದು ತಪ್ಪಿಲ್ಲ. ಸಾಕ್ಷಿ ಸಿಕ್ತು. ಉಳಿದದ್ದು ಆಮೇಲೆ ಹೇಳ್ತೀನಿ."

"ನಂಗೊತ್ತಿತ್ತು ಬಿಡು," ಎಂದಳು ಅಕ್ಕ, ಪತ್ತೆ ಮಾಡಿದವಳು ತಾನೇ ಎಂಬ ಹಾಗೆ. "ಈಗಲೇ ಅವಳಿಗೆ ಹೇಳ್ತೀನಿ, ಇಡು."

ಹೊರಡುವ ಮುಂಚೆ ಒಂದು ಕೆಲಸ ಬಾಕಿ ಇತ್ತು. ಹಳೆಯ ಚಾಳಿ, ಬಾಯಿಮಾತನ್ನು ಚಿಕ್ಕಮ್ಮ ಯಾವತ್ತೂ ಸಾಕ್ಷಿ ಎಂದು ನಂಬಿದವಳಲ್ಲ. "ಕಲಸಿದ್ದು ಏನಾದ್ರೂ ಉಳಿದಿದೆಯಾ?"

ಟೈಲರಮ್ಮ ಮೇಜಿನ ಕೆಳಗಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆದಳು. ಗುಂಡಿಗಳನ್ನು ಹಾಕಿಡುವ ಡಬ್ಬ ಅದು. ಈಗ ಅದರಲ್ಲಿ ಹಳದಿ ಕ್ಯಾಪ್ಸೂಲುಗಳಿದ್ದವು. "ಹಂಚಿ ಮಿಕ್ಕಿದ್ದು. ಪರೀಕ್ಷೆ ನಿಲ್ಲಿಸಿದ್ರೂ ನಾನು ಬಿಟ್ಟಿಲ್ಲ ಅಕ್ಕಾ. ಇವತ್ತು ಬೆಳಗ್ಗೆನೂ ನುಂಗಿದೆ. ಬಿಟ್ರೆ ಕಾಲು ಹಿಡ್ಕೊಂಡ್ರೆ ಅಂತ ಭಯ."

"ಇವತ್ತಿಗೆ ಸಾಕು ಮಾಡು. ಡಾಕ್ಟರು ಹೇಳೋವರೆಗೂ ಮುಟ್ಟಬೇಡ. ಸ್ವಲ್ಪ ನೀರು ಕೊಡು, ಈ ಸೋಪಿನ ಚೂರು ತಗೋತೀನಿ. ನಿಮಗೊಂದು ಮಾಯ ತೋರಿಸ್ತೀನಿ, ನೋಡಿ."

ಸೋಪಿನ ಚೂರನ್ನು ಲೋಟದ ನೀರಲ್ಲಿ ಕದಡಿದಳು. ಕ್ಯಾಪ್ಸೂಲಿನ ಎರಡು ಹೋಳು ಬಿಡಿಸಿ ಪುಡಿಯನ್ನು ಬಿಳಿ ಬಟ್ಟೆಯ ತುಂಡಿನ ಮೇಲೆ ಉದುರಿಸಿದಳು. "ಅಸಲಿ ಆದ್ರೆ ಕೆಂಪಾಗತ್ತೆ. ಹಿಟ್ಟಾದ್ರೆ ಹಳದಿಯಾಗೇ ಇರತ್ತೆ." ಬೆರಳಿನಿಂದ ಸೋಪಿನ ನೀರು ತೊಟ್ಟಿಕ್ಕಿಸಿದಳು.

ಹಳದಿಯಾಗೇ ಉಳಿಯಿತು.

"ಇದು ಹಿಟ್ಟು," ಎಂದರು ಮೇಷ್ಟ್ರು, ಬಾಗಿ ನೋಡುತ್ತ. ಅವರಿಗೂ ಕುತೂಹಲ ಹತ್ತಿತ್ತು. "ಇನ್ನೊಂದು ನೋಡೋಣ."

ಇನ್ನೊಂದೂ ಹಳದಿ. ಅದರ ಪಕ್ಕದ್ದೂ ಹಳದಿ. ಡಬ್ಬದ ತಳದಿಂದ ಎತ್ತಿದ್ದೂ ಹಳದಿ.

ಚಿಕ್ಕಮ್ಮ ಒಂದೊಂದಾಗಿ ಬಿಡಿಸುತ್ತ, ಉದುರಿಸುತ್ತ, ತೊಟ್ಟಿಕ್ಕಿಸುತ್ತ ಹೋದಳು. ಬಟ್ಟೆಯ ತುಂಡು ತುಂಬಾ ಹಳದಿ ಬೊಟ್ಟುಗಳಾದವು. ಕೆಂಪು ಒಂದೂ ಇರಲಿಲ್ಲ.

"ಸೋಪು ಹಳೇದು ಅಕ್ಕಾ. ಸತ್ವ ಹೋಗಿರಬಹುದು," ಎಂದಳು ಟೈಲರಮ್ಮ ಮೆಲ್ಲಗೆ.

ಅದೂ ಸರಿಯೇ. ಚಿಕ್ಕಮ್ಮ ಬೆಳಗಿನ ಕರವಸ್ತ್ರ ಹೊರತೆಗೆದಳು. ಅದರ ಇನ್ನೊಂದು ಮೂಲೆಯಲ್ಲಿ ಪೀಪಾಯಿಯ ಪುಡಿಯ ಹಳದಿ ಇನ್ನೂ ಸ್ವಲ್ಪ ಹಾಗೇ ಇತ್ತು. ಅದರ ಮೇಲೆ ಅದೇ ಲೋಟದ ನೀರನ್ನು ಒಂದು ತೊಟ್ಟು ಬಿಟ್ಟಳು.

ರಕ್ತದ ಹಾಗೆ ಕೆಂಪಾಯಿತು.

ಪೀಪಾಯಿಗೆ ಬಂದದ್ದು ಅಸಲಿ. ಈ ಡಬ್ಬಕ್ಕೆ ಬಂದದ್ದರಲ್ಲಿ ಅಸಲಿ ಒಂದೂ ಇಲ್ಲ. ಪೀಪಾಯಿಗೂ ಈ ಡಬ್ಬಕ್ಕೂ ನಡುವೆ ಇದ್ದದ್ದು ಒಂದೇ ಕೋಣೆ, ಒಂದು ಯಂತ್ರ, ಒಬ್ಬಳು ಹುಡುಗಿ.

ಚಿಕ್ಕಮ್ಮನಿಗೆ ಬೆಳಗಿನ ನಲ್ಲಿ ಕಣ್ಣಿಗೆ ಕಟ್ಟಿತು. ಯಂತ್ರ ಒರೆಸಿದ ಗುಬ್ಬಿಯ ಬೆರಳುಗಳು. ಆ ಬೆರಳಿಗೂ ಸೋಪು ಹಚ್ಚಿದ್ದಳು. ನೊರೆ ಹಳದಿಯಾಗಿಯೇ ಹರಿದು ಹೋಗಿತ್ತು. ಬೆಳಗ್ಗೆ ಸ್ಟೋರಿನಲ್ಲಿ ಪೀಪಾಯಿಯ ಪಕ್ಕ ನಿಂತು, "ಯಂತ್ರದಲ್ಲಿ ಕೊನೇ ಸಲ ತುಂಬಿದ್ದು ಅಸಲೀನೇ ಚಿಕ್ಕಮ್ಮ," ಎಂದು ತಾನಾಗಿ ಹೇಳಿದವಳೂ ಅವಳೇ. ತಾನು ಎತ್ತಿ ಆಡಿಸಿದ ಮಗು ಅದು. ಚಿಕ್ಕಮ್ಮ ಡಬ್ಬದ ಮುಚ್ಚಳ ಒತ್ತಿ ಹಾಕಿದಳು.

"ಹಾಗಾದ್ರೆ ನಾವು ಇಷ್ಟು ದಿನ ನುಂಗಿದ್ದು ಏನು?" ಎಂದಳು ಟೈಲರಮ್ಮ. "ಬರೀ ಹಿಟ್ಟೇ ಆಗಿದ್ರೆ ನಮ್ಮ ನೋವು ಹೋಗಿದ್ದು ಹ್ಯಾಗೆ?"

"ಅವನಿಗೆ ಕಾಮಾಲೆ ಬಂದಿದ್ದು ಹ್ಯಾಗೆ?" ಎಂದರು ಮೇಷ್ಟ್ರು.

ಅಷ್ಟರಲ್ಲಿ ಚಿಕ್ಕಮ್ಮನ ಫೋನು ಗುನುಗಿತು. ಗುಬ್ಬಿ.

"ಚಿಕ್ಕಮ್ಮ, ಅಮ್ಮ ಈಗ ಹೇಳಿದ್ಲು. ಸಾಕ್ಷಿ ಸಿಕ್ತಂತೆ." ಹಿಂದೆ ನಲ್ಲಿ ಸುರಿಯುವ ಸದ್ದಿತ್ತು. "ಎಲ್ಲಿದೀಯ?"

"ದಾರೀಲಿದೀನಿ ಕಣೆ. ಬರ್ತಾ ಇದೀನಿ." ಅಕ್ಕನ ಮಗಳಿಗೆ ಚಿಕ್ಕಮ್ಮ ಹೇಳಿದ ಮೊದಲ ಸುಳ್ಳು ಅದು. ಹೇಳುವಾಗ ನಾಲಿಗೆ ತಡವರಿಸಲಿಲ್ಲ. ಅದಕ್ಕೇ ಹೆಚ್ಚು ಸಂಕಟವಾಯಿತು.

"ಸರಿ, ಬೇಗ ಬಾ. ಆಮೇಲೆ ಚಿಕ್ಕಮ್ಮ..." ಗುಬ್ಬಿ ದನಿ ತಗ್ಗಿಸಿದಳು. "ಆ ಬಿಸ್ಕತ್ತಿನ ಡಬ್ಬ ಡಾಕ್ಟರಿಗೆ ಕೊಡಬೇಡ. ನನ್ನ ಕೈಗೇ ತಂದ್ಕೊಡು, ಆಯ್ತಾ?"

ಚಿಕ್ಕಮ್ಮ ಡಬ್ಬದ ಕಡೆ ನೋಡಿದಳು. ಆಮೇಲೆ ಟೈಲರಮ್ಮನ ಕಡೆ, ಮೇಷ್ಟ್ರ ಕಡೆ. ಡಬ್ಬದ ಸುದ್ದಿಯನ್ನು ಅವಳು ಅಕ್ಕನಿಗೂ ಹೇಳಿರಲಿಲ್ಲ. ಈ ಮೇಜಿನ ಕೆಳಗೆ ಏನಿದೆ ಎಂದು ಗೊತ್ತಿದ್ದವಳು, ಒಂದೇ ಮಾತು ಆಡಿ ತನ್ನನ್ನು ತಾನು ಬಿಡಿಸಿಕೊಳ್ಳಬಹುದಾಗಿದ್ದವಳು, ಇಷ್ಟು ದಿನ ಎಲ್ಲರ ಮುಂದೆ ತುಟಿ ಹೊಲಿದುಕೊಂಡು ನಿಂತಿದ್ದಳು.

"ಯಾವ ಡಬ್ಬ, ಗುಬ್ಬಿ?"

ಆ ಕಡೆ ಸುರಿಯುತ್ತಿದ್ದ ನಲ್ಲಿ ಥಟ್ಟನೆ ನಿಂತಿತು.